ಹದಿನಾರು ಇಂಚು

ಗೋಡೆಗೆ ಕಿವಿ ಇದೆ ಅನ್ನುತ್ತಾರೆ, ಇರಲಿ.
ನಾನು ಬಲ್ಲದ್ದು ಅದರ ಹೊಟ್ಟೆ.
ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ
ಟೊಳ್ಳು, ಟೊಳ್ಳು, ಟೊಳ್ಳು, ಆಮೇಲೆ ಗಟ್ಟಿ:
ಅದು ಕಂಬ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ
ಹದಿನಾರು ಇಂಚು. ವಯೋಮಿಂಗಿನ ಈ ಬೋಳು ಬಯಲಲ್ಲಿ
ಗಾಳಿಗೆ ಬೆನ್ನು ಕೊಟ್ಟು ಕೂತ ಯಾವ ಮನೆಯಲ್ಲೂ ಅಷ್ಟೇ,
ಪಾದ್ರಿಯದಾಗಲಿ, ಶೆರಿಫನದಾಗಲಿ.
ಆಳ ಮೂರೂವರೆ.
ಬಂದೂಕು ನಿಲ್ಲಲು ಸಾಕು. ಮನುಷ್ಯ ಅಡಗಲು ಸಾಲದು.

ವೆಂಡೆಲ್ ಟಟಲ್ ಫೋನು ಮಾಡಿದ್ದು ಮಾರ್ಚಿನಲ್ಲಿ.
"ಮೂಲೆಕೋಣೆಯ ಕನ್ನಡಿ ಹಿಂದೆ.
ಮೂರು ಉದ್ದದ್ದು, ಒಂದು ಗಿಡ್ಡ.
ಕಳ್ಳ ಬಂದರೆ ತನ್ನ ಮುಖ ನೋಡಿಕೊಂಡು ಹೋಗಲಿ."
ನಕ್ಕ. ಒಳ್ಳೇ ಮಾತು ಅನ್ನಿಸಿ ನಾನೂ ನಕ್ಕೆ.
"ರೊವೀನಾಗೆ ಹೇಳಬೇಕಾದ್ದೇನಿಲ್ಲ," ಅಂತಲೂ ಅಂದ.
ಅವಳು ಶಾಲೆಯ ಬಸ್ಸು ಓಡಿಸುವ ಹೊತ್ತು ನೋಡಿ
ಎರಡು ದಿನ ಕೆಲಸ. ಜಿಪ್ಸಮ್ ಹಲಗೆ ಕೊಯ್ದಾಗ
ಒಳಗಿಂದ ಉದುರಿದ್ದು ಇಲಿಹಿಕ್ಕೆ,
ಯಾವನೋ ಬಡಗಿ ಬಿಟ್ಟುಹೋದ ಮೊಂಡು ಪೆನ್ಸಿಲು,
ಒಂದು ಹಿಡಿ ಚಳಿ.
ಹಸಿರು ಫೆಲ್ಟು ಅಂಟಿಸಿದೆ, ತೊಟ್ಟಿಲಿಗೆ ಹಾಸಿದ ಹಾಗೆ.
ಅಯಸ್ಕಾಂತದ ಬೀಗ.

ಅಜ್ಜನ ಕಾಲದ ಲಿವರ್ ರೈಫಲ್ಲು. ಎಲ್ಕ್ ಬೇಟೆಯದು.
ಮತ್ತೆ, ತಮ್ಮ ಮರ್ಲ್‌ನದು.
ಅದನ್ನು ಇಡುವಾಗ ಎರಡೂ ಕೈ ಕೊಟ್ಟ.
ಬಿದ್ದ ಸ್ಕ್ರೂ ಹುಡುಕುವವನ ಹಾಗೆ ನಾನು ನೆಲ ನೋಡಿದೆ.
ಮರ್ಲ್ ನವೆಂಬರಿನಲ್ಲಿ ಹೋದ. ಬೇಟೆಗಲ್ಲ.
ನಮ್ಮಲ್ಲಿ ಹೀಗೇ ಹೇಳುವುದು, "ಹೋದ".
ಅಲ್ಲಿಗೆ ನಿಲ್ಲಿಸಿ, ಮಳೆ ಗಾಳಿಯ ಮಾತಿಗೆ ಬರುತ್ತೇವೆ.

ಮುಂದಿನ ಮಂಗಳವಾರ ರೊವೀನಾ ಬಂದಳು ನನ್ನ ಶೆಡ್ಡಿಗೆ,
ಟ್ರಕ್ಕಿನ ಇಂಜಿನ್ ಆರಿಸದೆ.
"ಹಜಾರದ ಕಡೆಯಿಂದ, ಟವೆಲು ಇಡುವ ಕಪಾಟಿನ ಹಿಂದೆ,
ಒಂದು ಬ್ರೆಡ್ಡು ಹಿಡಿಸುವಷ್ಟಾದರೆ ಸಾಕು.
ಅವನಿಗೆ ತಿಳಿಯಬಾರದು."
ಬ್ರೆಡ್ಡಿಗೆಂಥ ಗುಟ್ಟು ಅಂತ ನಾನು ಕೇಳಲಿಲ್ಲ.
ಅವಳೇ ಕೋಟಿನ ಜೇಬು ಬಿಡಿಸಿ ತೋರಿದಳು:
ಹಿತ್ತಾಳೆ. ಗಲಗಲ.
"ಒಂದು ವಾರ ಮೈಲಿಗೆ ಬಟ್ಟೆಯ ಬುಟ್ಟಿಯಲ್ಲಿ,
ಒಂದು ವಾರ ಹಿಟ್ಟಿನ ಡಬ್ಬಿಯಲ್ಲಿ.
ಮಕ್ಕಳ ಬಸ್ಸಿನಲ್ಲಿ ಇವನ್ನು ಹೊತ್ತು ತಿರುಗಲಾ?"

ಅದೇ ಗೋಡೆ. ಅವಳು ಹೇಳಿದ ಜಾಗಕ್ಕೆ ಬೆನ್ನು ತಾಗಿಸಿ
ಆಗಲೇ ನಿಂತಿದ್ದವು ಅವನವು.
ಸುಳ್ಳು ಹೇಳಿದೆ: ಅಲ್ಲಿ ವೈರು ಇದೆ,
ಒಂದು ಕಂಬ ಆಚೆ ಸರಿಯೋಣ.
ಅವಳು ನನ್ನ ಮುಖ ನೋಡಿದಳು, ತುಂಬ ಹೊತ್ತು.
"ವೈರು," ಅಂದಳು. "ಸರಿ."

ವೆಂಡೆಲ್ ಕ್ಯಾಸ್ಪರಿಗೆ ದನ ಮಾರಲು ಹೋದ ದಿನ
ನಾಲ್ಕು ತಾಸಿನಲ್ಲಿ ಮುಗಿಸಿದೆ.
ಧೂಳು ಅವಳೇ ಒರೆಸಿದಳು, ಮಂಡಿಯೂರಿ,
ನೆತ್ತರು ಒರೆಸಿ ಅಭ್ಯಾಸವಾದವಳ ಹಾಗೆ,
ಹಲಗೆಯ ಸಂದು ಸಂದಿಗೂ ಒದ್ದೆಬಟ್ಟೆ ತೂರಿಸಿ.
ದುಡ್ಡು ಬೇಡವೆಂದೆ. ಕಾಡುಚೆರಿಯ ಜಾಮು ಎರಡು ಬಾಟಲಿ
ಸೀಟಿನ ಮೇಲೆ ಇಟ್ಟು ಹೋದಳು. ಒಂದು ಇನ್ನೂ ಒಡೆದಿಲ್ಲ.

ಈಗ ಆ ಮನೆಯಲ್ಲಿ
ಬಂದೂಕಿಗೂ ಗುಂಡಿಗೂ ನಡುವೆ ಒಂದು ಪೈನ್ ಕಂಬ,
ಒಂದೂವರೆ ಇಂಚು ದಪ್ಪ.
ಗೋಡೆ ಎರಡನ್ನೂ ಹೊಟ್ಟೆಗೆ ಹಾಕಿಕೊಂಡಿದೆ.
ರಾತ್ರಿ ಗಾಳಿ ಎದ್ದರೆ ಎದ್ದು ಕೂರುತ್ತೇನೆ:
ಮೊಳೆ ಸರಿಯಾಗಿ ಕೂತಿತ್ತೇ,
ಆ ಮರಕ್ಕೆ ಗಂಟು ಇತ್ತೇ, ನೋಡಿದೆನೇ.

ಆಗಸ್ಟಿನಲ್ಲಿ ಬೀಜದಂಗಡಿಯಲ್ಲಿ ವೆಂಡೆಲ್ ಸಿಕ್ಕ.
ಚೀಲದ ದಾರ ಬಿಚ್ಚುತ್ತ, ನನ್ನತ್ತ ನೋಡದೆ,
"ಹಜಾರದ ಕಡೆ ಬಣ್ಣ ಒಂದು ಚೂರು ಬೇರೆ ಬಂದಿದೆ," ಅಂದ.
ನನ್ನ ಬಾಯಿ ಒಣಗಿತು. ತೇಪೆ ಹಾಕಿಕೊಡಲೇ, ಅಂದೆ.
"ಬೇಡ. ಹಾಗೇ ಇರಲಿ."
ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ಆಕಾಶ ನೋಡಿದ.
"ಆಲಿಕಲ್ಲು ಬಿದ್ದರೆ ಓಟ್ಸು ಹೋಗುತ್ತೆ."
ಹೋಗುತ್ತೆ, ಅಂದೆ.
ಆಮೇಲೆ ಅವನು ಟ್ರಕ್ಕು ಹತ್ತುವಾಗ, ಕೂಗಿ:
ಇಲ್ಲ ವೆಂಡೆಲ್, ಈ ಸಲ ಬೀಳಲ್ಲ.