ಬಾಯಿಲ್ಲದ ಕಿಸೆ

ಹತ್ತು ವರ್ಷದ ಹಿಂದ ಕೌಲ್ ಬಜಾರಿನ ಈ ಮಷೀನಿಗೆ ನಾ ಕುಂತಾಗ
ಮುಂದಿನ ಕಿಸೆಯ ಆಳ ಐದೂವರಿ ಇಂಚು.
ಈಗ ಏಳು.
ಕಟಿಂಗ್ ಮಾಸ್ತರು ಮಹಬೂಬಸಾಬರು
ಹಳೇ ರಟ್ಟಿನ ಫರ್ಮಾ ಒಲಿಗೆ ಹಾಕುವಾಗ ಅಂದ್ರು:
"ಫೋನು ಬೆಳೀತು ಹುಲಿಗೆಮ್ಮಾ, ಮನುಷ್ಯಾನ ತೊಡಿ ಅಷ್ಟ ಐತಿ."

ಮಾತಾಡಾಕ ಬೆಳೀಲಿಲ್ಲ ಅದು.
ಕಿವಿಯಿಂದ ಬಾಯಿಗೆ ಅಳತಿ ಹಿಂದಿಂದೂ ಒಂದ.
ಆಟಕ್ಕ ಬಯಲು ಬೇಕಾತು,
ಎರಡು ಹೆಬ್ಬೆರಳು ಓಡಾಡಾಕ.

ನನ್ನ ತಮ್ಮ ಗಾದಿಲಿಂಗಗ
ಆಟದಾಗ ತೂತು ಹುಡುಕೋ ಕೆಲಸ.
ಹಂಗಂದ್ರ ಓಣ್ಯಾಗ ಯಾರಿಗೂ ತಿಳಿಯಂಗಿಲ್ಲ.
ಎಲ್ಲೋ ಕುಂತು ಯಾರೋ ಕಟ್ಟಿದ ಕ್ವಾಟಿ,
ಇನ್ನೂ ಮಂದಿಗೆ ಬಾಗಿಲಾ ತೆಗೆದಿಲ್ಲ,
ಇವ ರಾತ್ರಿಯೆಲ್ಲ ಅದರ ಗೋಡಿಗೆ ಹೆಗಲು ಕೊಟ್ಟು ನೂಕತಾನ.
ಒಂದ ಗೋಡಿ ನೂರು ಸಲ:
ಓಡಿ ಬಂದು, ಜಿಗಿದು, ಬಗ್ಗಿ, ಕುದುರಿ ಮ್ಯಾಲಿಂದ.
ನೂರಾ ಒಂದನೇ ಸಲಕ್ಕ ಗೋಡಿಯೊಳಗ ಹೊಕ್ಕರ
"ಸಿಕ್ತು!" ಅಂತ ಚೀರತಾನ,
ಅವ್ವ ಮೈಮ್ಯಾಲ ಹಲ್ಲಿ ಬಿತ್ತೇನೋ ಅಂತ ಎದ್ದು ಕುಂದ್ರತಾಳ.
ತೂತಿಗೆ ನಲವತ್ತು ರೂಪಾಯಿ.
ಅದ ತೂತು ಬ್ಯಾರೇದವರು ಮೊದಲ ಕಂಡಿದ್ರ
ಏನೂ ಇಲ್ಲ.

ನನಗ ಕಿಸೆ ಜೋಡಿಗೆ ಮೂರು.
ಬಗಲ ಮಷೀನಿನ ಹುಡುಗಿ ಮೊಣಕಾಲು ಹರೀತಾಳ,
ಹರಿಯಾಕೂ ರೇಟು ಐತಿ,
ಹೆಚ್ಚು ಹರಿದ್ರ ದಂಡ.

ಅವ ಸಣ್ಣವಿದ್ದಾಗ ಮೋತಿ ಸರ್ಕಲ್ ಹಿಂದಿನ ಗಲ್ಲ್ಯಾಗ
ರೂಪಾಯಿ ಹಾಕಿ ಆಡೋ ಡಬ್ಬಿ ಇತ್ತು.
ನಾ ರೂಪಾಯಿ ಕೊಟ್ಟು ಹಿಂದ ನಿಂದ್ರತಿದ್ದೆ.
ಮೂರು ಜೀವ. ಮೂರೂ ಹೋದವು ಅಂದ್ರ ಆಟ ಮುಗೀತು,
ಹೊರಗ ಬಳ್ಳಾರಿ ಬಿಸಿಲು, ಮನಿಗೆ ನಡಿ.
ಈಗಿನ ಆಟಕ್ಕ ಮುಗಿಯೋದ ಗೊತ್ತಿಲ್ಲ.
ಪುಕ್ಕಟೆ ಕೊಡತಾರ, ದಿನಾ ಬಾ ಅಂತಾರ,
ಒಂದಿನ ತಪ್ಪಿದ್ರ ಬೀಗರಗಿಂತ ಹೆಚ್ಚು ಮುನಿಸಿಕೊಂಡು
ಗಂಟಿ ಬಾರಿಸತಾರ.

ಅಮಾಸಿ ದಿನ ಮಷೀನು ಬಂದ್. ಅವನ ಬಗಲಾಗ ಕುಂತೆ.
ಆಟದೊಳಗ ಒಂದು ಬಟ್ಟಿ ಅಂಗಡಿ.
ನೀಲಿ ಪ್ಯಾಂಟು, ಮೊಣಕಾಲು ಹರಿದದ್ದು, ಎಂಟುನೂರಾ ತೊಂಬತ್ತೊಂಬತ್ತು.
ದಾರ ಹೋಗಿಲ್ಲ, ಗುಂಡಿ ಹೋಗಿಲ್ಲ,
ಮುಂಡರಗ್ಯಾಗ ಒಗೆದ ನೀಲಿ ನೀರು ಯಾವ ನಾಲಾಕೂ ಹರಿದಿಲ್ಲ.
"ಯಾರು ತಗೋತಾರೋ?"
"ನಿಮ್ಮ ಖಾರ್ಖಾನಿ ಮಾಲಿಗಿಂತ ಹೆಚ್ಚು ಮಂದಿ."

ತಿರುಗಿಸು ಅಂದೆ. ತಿರುಗಿಸಿದ.
ಪಕ್ಕದ ಹೊಲಿಗಿ ಜೋಡಿ ಇರಬೇಕು, ಒಂಟಿ ಐತಿ.
ಮೂಲಿಗೆ ತಾಮ್ರದ ರಿವೆಟ್ಟು ಚಂದ ಕುಂದ್ರಿಸ್ಯಾರ.
ಕಿಸೆಗೆ ಬಾಯಿಲ್ಲ.
ಬರೇ ಗೆರಿ ಎಳೆದಾರ.
"ಇದನ್ನ ಬರಿ," ಅಂದೆ.
"ತೂತು ಇರದಿದ್ದದ್ದ ತಪ್ಪು ಅಂತ ಬರೀಲೇನವ್ವಾ?" ನಕ್ಕ.
ಆದ್ರ ಬರದ, ಇಂಗ್ಲಿಷಿನಾಗ, ಫೋಟೋ ಹಚ್ಚಿ.
ಕಂಡವರ ಹೆಸರಿನ ಜಾಗದಾಗ ಅವನ ನಂಬರಷ್ಟ ಹಿಡೀತು.

ಮೂರನೇ ದಿನ ಉತ್ತರ ಬಂತು, ಅವ ಓದಿ ಹೇಳಿದ:
ಇದು ದೋಷವಲ್ಲ, ವಿನ್ಯಾಸ.
ಆಟಗಾರನಿಗೆ ಜೇಬಿನ ಅಗತ್ಯವಿಲ್ಲ.
ಮುಚ್ಚಲಾಗಿದೆ.

ನಲವತ್ತು ಹೋದ್ರ ಹೋಗಲಿ.
ಆ 'ಅಗತ್ಯವಿಲ್ಲ' ಅನ್ನೋದು
ಹಲ್ಲಿಗೆ ಸಿಕ್ಕ ನಾರಿನಂಗ ಎರಡು ದಿನ ಬಾಯಾಗ ಇತ್ತು.

ಇವತ್ತು ನಾಕಕ್ಕ ಕರೆಂಟು ಹೋತು.
ಮಷೀನು ಒಂದೊಂದ ಉಸಿರು ಬಿಟ್ಟವು.
ಕತ್ತಲಾಗ ಮಡಿಲುಮಡಿಲಿಗೆ ಫೋನು ಹತ್ತಿದವು.
ಯಂಕೋಬಮ್ಮ ಹಣ್ಣು ಒಡೀತಾಳ,
ಚಾಂದಬೀ ಮಿಠಾಯಿ ಸಾಲು ಹಚ್ಚತಾಳ,
ಇಸ್ತ್ರಿ ಹುಡುಗ ಯಾರನ್ನೋ ಹೊಡೆದು ಗೋಡಿ ಹಿಂದ ಅಡಗ್ಯಾನ.
ನಮ್ಮ ಗಾದಿಲಿಂಗ ನೂಕಿದ ಗೋಡಿ ಇದ್ರೂ ಇರಬಹುದು.
ಗಟ್ಟಿ ಐತಿ ಬಿಡಪಾ, ಅಂದೆ. ಅವಗ ಕೇಳಲಿಲ್ಲ.

ನಾ ಫೋನು ತೆಗೀಲಿಲ್ಲ.
ಮುಗಿದ ಪ್ಯಾಂಟಿನ ಕಿಸೆದಾಗ ಕೈ ಇಟ್ಟೆ,
ಮಾಸ್ತರು ಕಲಿಸಿದ ಪರೀಕ್ಷಿ:
ಮಣಿಕಟ್ಟು ಮುಳುಗಬೇಕು, ತಳದಾಗ ಬೆರಳು ಬಿಚ್ಚಬೇಕು.
ಮುಳುಗಿತು, ಬಿಚ್ಚಿದವು.
ತಳದಾಗ ಒಂದು ದಾರದ ತುಂಡು ಸಿಕ್ತು.
ಇರಲಿ, ಅಂತ ಅಲ್ಲೇ ಬಿಟ್ಟೆ.