ಎರಡೇ ಪೆಡಲು

ಹತ್ತೊಂಬತ್ತು ವರ್ಷ ನಾನು ಎಡಗಡೆ ಕೂತವಳು.
ಬಿಜೈಯ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು,
ನೆತ್ತಿಯ ಮೇಲೆ ಕೆಂಪು ‘ಎಲ್’,
ನನ್ನ ಕಾಲಡಿಗೆ ಎರಡೇ ಪೆಡಲು:
ಒಂದು ಕ್ಲಚ್ಚು, ಒಂದು ಬ್ರೇಕು.
ಮೂರನೆಯದನ್ನು ನಮಗೆ ಕೊಡುವುದಿಲ್ಲ.

ಎಷ್ಟು ಜನರನ್ನು ನಿಲ್ಲಿಸಿದ್ದೇನೆ!
ನಂತೂರು ಸರ್ಕಲ್ಲಿನಲ್ಲಿ ಕಣ್ಣು ಮುಚ್ಚಿದ ಲೆಕ್ಚರರನ್ನು,
ಕೊಟ್ಟಾರ ಚೌಕಿಯಲ್ಲಿ ಸಿಟಿ ಬಸ್ಸಿಗೆ ಎದೆಯೊಡ್ಡಿದ ಮದುಮಗನನ್ನು.
ನಿಲ್ಲಿಸುವ ವಿದ್ಯೆಯಲ್ಲಿ
ಈ ಊರಿನಲ್ಲಿ ನನ್ನನ್ನು ಮೀರಿದವರಿಲ್ಲ.

ಈಗ ಚೀಟಿ ಎತ್ತಿದ್ದೇನೆ. ನನ್ನದೇ ಒಂದು ಕಾರು.
ಸಣ್ಣದು ಸಾಕು, ಆದರೆ ಹಾರಬೇಕು.
‘ಬಂಗುಡೆ ತರಲಿಕ್ಕೆ ಹಾರುವ ಕಾರು ಎಂಥಕ್ಕೆ ಮಾರಾಯ್ತಿ?’
ಅತ್ತಿಗೆ ಕೇಳಿದಳು.
ಬಂಗುಡೆಗೆ ಅಲ್ಲ ಎಂದೆ. ಮತ್ತೆಂಥಕ್ಕೆ ಎಂದು ನನಗೂ ಗೊತ್ತಿರಲಿಲ್ಲ.

ಉರ್ವದ ಶೆಡ್ಡಿನಲ್ಲಿ ಒಂದು ಹಳದಿ ಪಾಲಿಯೋ,
ಎರಡು ಸಾವಿರದ ನಾಲ್ಕನೆಯ ಇಸವಿ, ಒಂದು ಪಾಯಿಂಟ್ ಆರು ಎಂಜಿನು,
ಆರ್‌ಸಿ ಎರಡು ಸಲ ರಿನ್ಯೂ ಆದದ್ದು.
ಕುದ್ರೋಳಿಯ ಪುತ್ತುಮೋನಾಕ ಅಡಿಗೆ ನುಗ್ಗಿ
ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋದರು.
ಟಕ್ ಎಂದರೆ ತಗಡು ಉಂಟು, ಟಪ್ ಎಂದರೆ ಕಡಲು ತಿಂದಿದೆ.
ಟಕ್ ಟಕ್ ಟಕ್ ಟಪ್.
ಟಕ್ ಟಕ್.
ಟಪ್.
ಹೊರಗೆ ಬಂದು ಗಡ್ಡದ ತುಕ್ಕು ಕೊಡವಿದರು:
‘ಹೊಸದೇ ತಗೊಳ್ಳಿ ಮೇಡಂ.
ಇದಕ್ಕೆ ಒಂದು ಬುಶ್ ಬೇಕಾದರೂ ಕೊಯಮತ್ತೂರಿಗೆ ಫೋನು.’

ಕೂಳೂರಿನ ಶೋರೂಮಿನಲ್ಲಿ ತಿಲಕ್‌ರಾಜ್,
ಹಿಂದೊಮ್ಮೆ ಬಿಕರ್ನಕಟ್ಟೆಯ ಏರಿನಲ್ಲಿ
ಹಾಫ್ ಕ್ಲಚ್ ಸಿಗದೆ ಅತ್ತಿದ್ದ ಹುಡುಗ,
ಈಗ ಟೈ ಕಟ್ಟಿ ನನಗೆ ಕೀಲಿ ಕೊಟ್ಟ.
ಕೀಲಿ ಅಂದರೆ ಹಲ್ಲೇ ಇಲ್ಲ, ಹೊಳೆಯ ಕಲ್ಲಿನ ಹಾಗೆ ನುಣ್ಣಗೆ.

ಸುಳ್ಳು ಹೇಳಬಾರದು, ಹೊಸದೇ ಹೆಚ್ಚು ಓಡುತ್ತದೆ.
ಪಣಂಬೂರಿನ ಹೈವೇಯಲ್ಲಿ, ಎರಡು ಟ್ಯಾಂಕರುಗಳ ನಡುವೆ ಸಿಕ್ಕ ಖಾಲಿಯಲ್ಲಿ
ನನ್ನ ಬೆನ್ನನ್ನು ಸೀಟಿಗೆ ಮೊಳೆ ಹೊಡೆಯಿತು.
ಗುಡುಗು ಕೇಳಿ ಖುಷಿಯಾದೆ.
‘ಅದು ಸ್ಪೀಕರಿನದ್ದು ಮೇಡಂ,’ ಎಂದ ಹುಡುಗ, ಹೆಮ್ಮೆಯಿಂದ.
‘ಲೇನು ತಪ್ಪಿದರೆ ಅದೇ ಎಳೆದು ಸರಿ ಮಾಡ್ತದೆ,
ಎದುರು ಯಾರಾದರೂ ಬಂದರೆ ಅದೇ ಬ್ರೇಕ್ ಹಾಕ್ತದೆ.’
ಹೇಳುವಾಗಲೇ ಎಲ್ಲಿಂದಲೋ ಟಣ್ ಟಣ್ ಎಂದಿತು.
ಆ ದನಿ ನನಗೆ ಪರಿಚಯದ್ದು.
ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ
ನನ್ನನ್ನೇ ಮಡಚಿ ಇಟ್ಟಿದ್ದರು.

ಏಳು ವರ್ಷದ ಕಂತು. ಐದು ಸ್ಟಾರ್.
ಮಂಡಿ ನೋವಿಗೆ ಕ್ಲಚ್ಚಿಲ್ಲದ್ದೇ ಒಳ್ಳೆಯದು.
ಮಳೆಗಾಲದಲ್ಲಿ ಹಳದಿಯ ಡಿಕ್ಕಿಯೊಳಗೆ ನೀರು ನಿಲ್ಲುತ್ತದೆ.
ಲೆಕ್ಕ ಬರೆದೆ. ಲೆಕ್ಕದಲ್ಲಿ ಹೊಸದೇ ಗೆದ್ದಿತು.

ಆದಿತ್ಯವಾರ ಬೆಳಿಗ್ಗೆ, ಸುಮ್ಮನೆ,
ಮತ್ತೊಂದು ಸಲ ಮಾತ್ರ ಎಂದು
ಹಳದಿಯನ್ನು ಮರವೂರು ಸೇತುವೆ ದಾಟಿಸಿದೆ.
ಕೆಂಜಾರಿನ ಏರು, ಎರಡನೆಯ ಗೇರು,
ಕ್ಲಚ್ಚು ಕಲ್ಲಿನಷ್ಟು ಭಾರ,
ಸ್ಟಿಯರಿಂಗು ಒಂದೊಂದು ಜಲ್ಲಿಯ ಹೆಸರನ್ನೂ
ಅಂಗೈಗೆ ಹೇಳುತ್ತಾ ಬಂತು.
ತಿರುವು ಕಂಡಿತು. ನನ್ನನ್ನು ಯಾರೂ ತಡೆಯಲಿಲ್ಲ.
ತಡೆಯಬೇಕಾದರೆ ನಾನೇ ತಡೆದುಕೊಳ್ಳಬೇಕು.
ಒತ್ತಿದೆ.
ಪಕ್ಕಕ್ಕೆ ನೋಡಿದರೆ
ಪುತ್ತುಮೋನಾಕನ ಬಲಗಾಲು
ಇಲ್ಲದ ಬ್ರೇಕನ್ನು ಹುಡುಕಿ ಮ್ಯಾಟನ್ನು ತುಳಿಯುತ್ತಿತ್ತು.
ನಕ್ಕೆ. ಅವರು ನಗಲಿಲ್ಲ.
ಮೇಲೆ ತಲುಪಿದ ಮೇಲೆ
‘ಬುಶ್ ತರಿಸುವಾ’ ಎಂದರು, ಅಷ್ಟೇ.

ಸೋಮವಾರ ಆರೂವರೆ. ಬಿಳಿ ಕಾರು, ಎಡಗಡೆ.
ಹೊಸಬಳು, ಸೊಸೈಟಿಯ ಕ್ಯಾಶಿಯರ್,
ಸ್ಟಿಯರಿಂಗನ್ನು ಬಿಸಿ ಪಾತ್ರೆಯ ಹಾಗೆ ಹಿಡಿದಿದ್ದಾಳೆ.
‘ನಿಧಾನ’ ಎನ್ನುತ್ತೇನೆ, ‘ಕ್ಲಚ್ ಬಿಡಿ, ನಿಧಾನ.’
ಚೂಡಿದಾರದ ಕಿಸೆಯಲ್ಲಿ
ಕೀಲಿಯ ಹಲ್ಲು ತೊಡೆಗೆ ಚುಚ್ಚುತ್ತಿದೆ.