ಮೊರ

ಬೆರಳಿಗೆ ಅಭ್ಯಾಸ.
ಕತ್ತರಿ ಕಿವಿಯ ಹತ್ತಿರ ಬಂದರೆ ಸಾಕು,
ಎಡಗೈ ತಾನಾಗಿ ಹೋಗಿ ಅದನ್ನು ಮುಂದಕ್ಕೆ ಮಡಚುತ್ತದೆ.
ಇವತ್ತೂ ಹೋಯಿತು, ಮಡಚಲು ಏನೂ ಸಿಗದೆ
ಗಾಳಿಯಲ್ಲೇ ನಿಂತಿತು.

ನಂದೀಶನ ಕಿವಿ ತಲೆಗೆ ಅಂಟಿಕೊಂಡಿದೆ,
ಎಂಜಲು ಹಚ್ಚಿ ಮುಚ್ಚಿದ ಲಕೋಟೆಯ ಬಾಯಿಯಂತೆ.
ಹಿಂದೆ, ಸಂದಿನಲ್ಲಿ, ಒಂದು ಗೆರೆ,
ಕೆಂಪು ಮೂಲಂಗಿಯ ಸಿಪ್ಪೆಯ ಬಣ್ಣ.
ಅಲ್ಲಿ ಬ್ಲೇಡು ಆಡಿಸಲು ಕೈ ಬರಲಿಲ್ಲ.

"ಮೈಸೂರಲ್ಲಿ ಮಾಡಿಸ್ದೆ," ಅಂದ, ನಾನು ಕೇಳುವ ಮುಂಚೆ.
"ಮರಗಟ್ಟಿಸಿದ್ರು ಅಷ್ಟೆ, ನಿದ್ದೆ ಬರಿಸಲಿಲ್ಲ.
ನೋವಿಲ್ಲ. ಸದ್ದು ಮಾತ್ರ ಎಲ್ಲಾ ಕೇಳ್ತಿತ್ತು,
ಕರಕ್ ಕರಕ್ ಅಂತ, ಎಳೆ ಸೌತೆಕಾಯಿ ಕುಯ್ದ ಹಾಗೆ.
ನಿಮ್ಮ ಅಂಗಡೀಲೇ ಕೂತಿದೀನಿ ಅನ್ಕೊಂಡೆ."

ಸಾಲಗಾಮೆ ರಸ್ತೆಯ ಈ ಕುರ್ಚಿಗೆ
ಅವನು ಮೊದಲು ಬಂದಾಗ ಅಡ್ಡ ಹಲಗೆ ಹಾಕಿ ಕೂರಿಸಿದ್ದೆ.
ಅವನಮ್ಮ ತಾಯಮ್ಮ ಬಾಗಿಲಲ್ಲೇ ನಿಂತು
"ಕಿವಿ ಮುಚ್ಚೋ ಹಾಗೆ ಬಿಡಣ್ಣ" ಅನ್ನುವಳು.
ಹದಿನಾರು ವರ್ಷ ಹಾಗೇ ಬಿಟ್ಟೆ.
ಆದರೂ ಕೂದಲಡಿ ಅವು ಎದ್ದೇ ಇದ್ದವು,
ಟಾರ್ಪಾಲು ಹೊದಿಸಿದ ಸೈಕಲ್ಲಿನ ಹ್ಯಾಂಡಲು.

ಕೊರಿಯರ್ ಕೆಲಸ. ಹಾಸನದ ಬೀದಿಬೀದಿ,
ದಿನಕ್ಕೆ ಅರವತ್ತು ಮನೆ, ಅರವತ್ತು ಸಲ
ಹೆಲ್ಮೆಟ್ ತೆಗೆಯುವುದು, ಸಿಕ್ಕಿಕೊಂಡ ಕಿವಿ ಬಿಡಿಸಿಕೊಳ್ಳುವುದು,
ಬಾಗಿಲು ತೆರೆದವರು ಮೊದಲು ಅವನ್ನೇ ನೋಡುವುದು.
ಹಾಗೆ ಕೂಡಿಟ್ಟ ದುಡ್ಡು.
ತಲೆಗೆ ಪಟ್ಟಿ ಕಟ್ಟಿಕೊಂಡು ಬಂದಾಗ
ಬೈಕಿಂದ ಬಿದ್ದನೆಂದು ಬೀದಿಯವರೆಲ್ಲ ಎಳನೀರು ತಂದರಂತೆ.
ಯಾರಿಗೂ ಇಲ್ಲ ಅನ್ನಲಿಲ್ಲ. ಕುಡಿದನಂತೆ.

ಬೆಳಗೊಳದಲ್ಲಿ ಗೊಮ್ಮಟನ ಕಿವಿ ಹೆಗಲಿನತ್ತ ಇಳಿದಿದೆ,
ಯಾರು ನಗುತ್ತಾರೆ? ಅನ್ನೋಣವೆಂದುಕೊಂಡೆ.
ಅಷ್ಟು ಎತ್ತರವಿದ್ದರೆ ಯಾರೂ ನಗರು, ಅದು ಬೇರೆ.
ಸುಮ್ಮನಾದೆ.

"ಈ ಸಲ ಪೂರ್ತಿ ತೆಗೀರಿ." ತೆಗೆದೆ.
ಕಿವಿಯ ಸುತ್ತ ಬಿಸಿಲು ಕಾಣದ ಚರ್ಮ
ಎಳೆಗೂಸಿನದರಂತೆ ಬೆಳ್ಳಗೆ.
ಬಟ್ಟೆ ಒದರಿದೆ. ಕೈಗನ್ನಡಿ ಹಿಡಿದೆ.
ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ,
ತುಂಬಾ ಹೊತ್ತು ನೋಡಿದ. ಆಮೇಲೆ
ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ,

"ಇನ್ನು ರಾಗಿ ಎಲ್ಲಿ ಕೇರ್ತೀರಾ, ಅಣ್ಣ?"

ಆವತ್ತು ಭಾನುವಾರ, ಅಂಗಡಿ ತುಂಬಿತ್ತು.
ಅವನಿಗೆ ಒಂಬತ್ತೋ ಹತ್ತೋ.
"ಎರಡು ಮೊರ ತಂದವ್ನೆ, ಒಂದು ಪಲ್ಲ ರಾಗಿ ಕೇರ್ಬೋದು"
ಅಂದವನು ನಾನೇ.
ಎಲ್ಲರೂ ನಕ್ಕರು. ಅವನೂ ನಕ್ಕಿದ್ದ.
ಆ ನಗುವನ್ನು ನಂಬಿ ಮರೆತುಬಿಟ್ಟಿದ್ದೆ.

ನೂರರ ನೋಟು ಕೊಟ್ಟ.
ಚಿಲ್ಲರೆಗೆ ನಾನು ಡ್ರಾಯರು ಕೆದಕುವಷ್ಟರಲ್ಲಿ
ಹೆಲ್ಮೆಟ್ ಹಾಕಿಕೊಂಡಿದ್ದ,
ಒಂದೇ ಸಲಕ್ಕೆ, ಸಲೀಸಾಗಿ.